ಹಳೆಯ ಕಂಪ್ಯೂಟರನ್ನು ಗುಜರಿಗೆ ಹಾಕುವ ಮುನ್ನ

2025ನೆಯ ಇಸವಿಯ ಅಕ್ಟೋಬರ್ 14ರಂದು ಅಮೇರಿಕೆಯ ಮೈಕ್ರೋಸಾಫ್ಟ್ ಕಂಪನಿಯು ತನ್ನ ವಿಂಡೋಸ್ 10 ತಂತ್ರಾಂಶಕ್ಕೆ ಕೊಡುತ್ತಿದ್ದ ರಕ್ಷಣೆಯನ್ನು ನಿಲ್ಲಿಸಿತು. ಆ ದಿನ ದಾಂಡೇಲಿಯಲ್ಲಾಗಲಿ ಹಳಿಯಾಳದಲ್ಲಾಗಲಿ ಯಾವ ಸದ್ದೂ ಆಗಲಿಲ್ಲ. ಅಂಗಡಿಯ ಕಂಪ್ಯೂಟರು ಮರುದಿನವೂ ಎಂದಿನಂತೆ ನಡೆಯಿತು. ಆದರೆ ಅದರ ಬಾಗಿಲ ಕಾವಲುಗಾರ ಅಂದು ಕೆಲಸ ಬಿಟ್ಟು ಹೋದ. ಆ ತಂತ್ರಾಂಶದಲ್ಲಿ ಮೇಲಿಂದ ಮೇಲೆ ಕಂಡುಬರುವ ಕಳ್ಳದಾರಿಗಳನ್ನು ಮುಚ್ಚುವ ಹೊಣೆ ತನ್ನದಲ್ಲವೆಂದು ಕಂಪನಿ ಹೇಳಿಬಿಟ್ಟಿತು. ಹೆಸರು ನೋಂದಾಯಿಸಿದ ಮನೆಬಳಕೆಯವರಿಗೆ ಒಂದು ವರ್ಷದ ಹೆಚ್ಚಿನ ಅವಧಿಯನ್ನು ಆಗ ಘೋಷಿಸಿತೆಂಬದು ನಿಜ. ಅದರಿಂದ ಗಡುವು ಮುಂದೆ ಹೋಯಿತೇ ಹೊರತು ಗಡುವು ತಪ್ಪಲಿಲ್ಲ.

ಮುಂದೇನು ಮಾಡಬೇಕೆಂದು ಕೇಳಿದರೆ ವಿಂಡೋಸ್ 11ಕ್ಕೆ ಹೋಗಿರೆಂಬ ಉತ್ತರ ಬರುತ್ತದೆ. 2021ರಲ್ಲಿ ಹೊರಬಂದ ಈ ತಂತ್ರಾಂಶಕ್ಕೆ ಹಳೆಯ ಯಂತ್ರ ಆಗದು. ಟಿಪಿಎಂ 2.0 ಎಂಬ ರಕ್ಷಣಾ ಚಿಪ್ಪು ಅದಕ್ಕೆ ಬೇಕು. ಇಂಟೆಲ್ ಪ್ರೊಸೆಸರಾದರೆ ಸಾಮಾನ್ಯವಾಗಿ ಎಂಟನೆಯ ಪೀಳಿಗೆಯದು, ಎಂದರೆ 2017ರಿಂದ ಈಚಿನದು, ಇರಬೇಕು. ಅದಕ್ಕಿಂತ ಮೊದಲಿನ ಯಂತ್ರ ಎಷ್ಟೇ ಗಟ್ಟಿಯಾಗಿದ್ದರೂ ಅದಕ್ಕೆ ಪ್ರವೇಶವಿಲ್ಲ. ಕ್ಯಾನಲಿಸ್ ಎಂಬ ಮಾರುಕಟ್ಟೆ ಅಧ್ಯಯನ ಸಂಸ್ಥೆಯು 2023ರ ಡಿಸೆಂಬರಿನಲ್ಲಿ ಮಾಡಿದ ಅಂದಾಜಿನ ಪ್ರಕಾರ, ಈ ಒಂದು ಕಾರಣದಿಂದ ಜಗತ್ತಿನಲ್ಲಿ ಸುಮಾರು 24 ಕೋಟಿ ಕಂಪ್ಯೂಟರುಗಳು ಗುಜರಿಯ ಪಾಲಾಗಬಹುದು.

ಈ 24 ಕೋಟಿಯಲ್ಲಿ ನಮ್ಮವೂ ಸೇರಿವೆ. ಕಿರಾಣಿ ಅಂಗಡಿಯ ಗಲ್ಲೆಯ ಪಕ್ಕದಲ್ಲಿ ಕುಳಿತಿರುವದು, ಝೆರಾಕ್ಸ್ ಅಂಗಡಿಯಲ್ಲಿ ದಿನವಿಡೀ ಅರ್ಜಿ ಮುದ್ರಿಸುವದು, ಕಾಮಗಾರನು ಮಗಳ ಕಾಲೇಜಿಗೆಂದು ಹುಬ್ಬಳ್ಳಿಯಲ್ಲಿ ಕೊಂಡು ತಂದ ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪು, ಇವೆಲ್ಲ ಬಹುಶಃ ಆ ಪಟ್ಟಿಯಲ್ಲಿಯೇ ಇವೆ. ಹೊಸದನ್ನು ಕೊಳ್ಳಬೇಕೆಂದರೆ ಗಿರಣಿಯಲ್ಲಿ ಗುತ್ತಿಗೆಯ ಮೇಲೆ ದುಡಿಯುವವನ ಒಂದೆರಡು ತಿಂಗಳ ಪಗಾರ ಪೂರ್ತಿ ಹೋಗುತ್ತದೆ. ದೂರದ ಕಚೇರಿಯಲ್ಲಿ ಒಂದು ಸಹಿ ಬಿದ್ದು ಇಲ್ಲಿ ಬಾಗಿಲು ಮುಚ್ಚುವದೆಂದರೇನೆಂದು ದಾಂಡೇಲಿಗೆ ಯಾರೂ ಕಲಿಸಬೇಕಾಗಿಲ್ಲ. ಫೆರೋ ಕಾರಖಾನೆ ಮುಚ್ಚಿದ್ದನ್ನೂ ಪ್ಲೈವುಡ್ ಕಾರಖಾನೆ ಮುಚ್ಚಿದ್ದನ್ನೂ ಕಂಡ ಊರು ಇದು. ಆದರೆ ಈ ಸಲದ ಸಹಿಗೆ ನಾವು ತಲೆಬಾಗಬೇಕಾದ ಕಾರಣವಿಲ್ಲ.

ಯಂತ್ರ ಸತ್ತಿಲ್ಲ

ಕಾಗದದ ಯಂತ್ರದಲ್ಲಿ ಫೆಲ್ಟು ಸವೆದರೆ ಫೆಲ್ಟು ಬದಲಿಸುತ್ತಾರೆ. ಬೇರಿಂಗು ಹೋದರೆ ಬೇರಿಂಗು ಹಾಕುತ್ತಾರೆ. ಇಡೀ ಯಂತ್ರವನ್ನು ಹೊರಗೆಸೆದರೆ ಗಿರಣಿ ನಡೆಯುವದಿಲ್ಲ. ಕಂಪ್ಯೂಟರಿನ ಮಾತೂ ಇಷ್ಟೇ. ಇಲ್ಲಿ ಹಳತಾಗಿರುವದು ಯಂತ್ರವಲ್ಲ, ಅದನ್ನು ನಡೆಯಿಸುವ ತಂತ್ರಾಂಶ. ಅದನ್ನು ಬದಲಿಸಿದರೆ ಹತ್ತು ವರ್ಷದ ಯಂತ್ರವೂ ಇನ್ನು ನಾಲ್ಕಾರು ವರ್ಷ ದುಡಿಯುತ್ತದೆ.

ಅಂಥ ತಂತ್ರಾಂಶಕ್ಕೆ ಲಿನಕ್ಸ್ ಎಂದು ಹೆಸರು. ರಿಚರ್ಡ್ ಸ್ಟಾಲ್ಮನ್ ಎಂಬವರು 1983ರಲ್ಲಿ ಅಮೇರಿಕೆಯಲ್ಲಿ ಗ್ನೂ ಎಂಬ ಕಾರ್ಯವನ್ನು ಸಾರಿದರು. ಯಾರು ಬೇಕಾದರೂ ಬಳಸಬಹುದಾದ, ಬಿಚ್ಚಿ ನೋಡಬಹುದಾದ, ತಿದ್ದಿ ಇನ್ನೊಬ್ಬರಿಗೆ ಕೊಡಬಹುದಾದ ತಂತ್ರಾಂಶವನ್ನು ಕಟ್ಟುವದು ಅದರ ಉದ್ದೇಶ. 1991ರಲ್ಲಿ ಫಿನ್ಲಂಡಿನ ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ಅದಕ್ಕೆ ಬೇಕಾಗಿದ್ದ ತಿರುಳನ್ನು ಬರೆದು ಹೊರಗಿಟ್ಟನು. ಅಂದಿನಿಂದ ಸಾವಿರಾರು ಜನರು ಅದಕ್ಕೆ ಕೈಗೂಡಿಸಿದ್ದಾರೆ. ದೊಡ್ಡ ಕಂಪನಿಗಳು ಕೂಡ ಪಗಾರ ಕೊಟ್ಟು ಅದರ ಕೆಲಸಕ್ಕೆ ಜನರನ್ನು ಇಟ್ಟಿವೆ. ಆದರೂ ಅದು ಒಬ್ಬರ ಸೊತ್ತಾಗಿಲ್ಲ, ಆಗದಂತೆ ಅದರ ಪರವಾನಿಗೆಯೇ ಕಟ್ಟು ಹಾಕಿದೆ. ಇದು ಬಡವರ ಪಾಲಿನ ಎರಡನೆಯ ದರ್ಜೆಯ ಮಾಲೆಂದು ಯಾರೂ ತಿಳಿಯಬಾರದು. 2017ರ ನವೆಂಬರಿನಿಂದ ಜಗತ್ತಿನ ಅತಿ ವೇಗದ 500 ಕಂಪ್ಯೂಟರುಗಳ ಪಟ್ಟಿಯಲ್ಲಿರುವವೆಲ್ಲವೂ ಲಿನಕ್ಸಿನ ಮೇಲೆ ನಡೆಯುತ್ತವೆ. ವಾಚಕರ ಕಿಸೆಯಲ್ಲಿರುವ ಆಂಡ್ರಾಯ್ಡ್ ಫೋನಿನ ತಿರುಳೂ ಅದೇ.

ಲಿನಕ್ಸಿನಲ್ಲಿ ಅನೇಕ ಬಗೆಗಳಿವೆ. 1993ರಲ್ಲಿ ಆರಂಭವಾದ ಡೆಬಿಯನ್ ಅವುಗಳಲ್ಲಿ ಹಳೆಯದು, ನೆಚ್ಚಿಕೆಯದು. ಲಿನಕ್ಸ್ ಮಿಂಟ್ ಎಂಬದು ವಿಂಡೋಸ್ ಬಲ್ಲವರ ಕೈಗೆ ಬೇಗ ಒಗ್ಗುತ್ತದೆ. ಯಂತ್ರದಲ್ಲಿ 4 ಜಿಬಿ ರ‍್ಯಾಮ್ ಇದ್ದರೆ ಇವೆರಡರಲ್ಲಿ ಯಾವದಾದರೂ ಸರಿ. ಎಕ್ಸ್‌ಎಫ್‌ಸಿಇ ಎಂಬ ಹಗುರವಾದ ಪರದೆಯನ್ನು ಆರಿಸಿಕೊಳ್ಳಬೇಕು. 2 ಜಿಬಿ ಮಾತ್ರ ಇದ್ದರೆ ಡೆಬಿಯನ್ನಿನಲ್ಲಿ ಎಲ್‌ಎಕ್ಸ್‌ಕ್ಯೂಟಿ ಪರದೆ ಒಳ್ಳೆಯದು. ಅದಕ್ಕೂ ಕಡಿಮೆಯಿದ್ದರೆ, ಇಲ್ಲವೆ ಯಂತ್ರವು ಹಳೆಯ 32 ಬಿಟ್ಟಿನದಾಗಿದ್ದರೆ, ಗ್ರೀಸ್ ದೇಶದಲ್ಲಿ ಹುಟ್ಟಿದ ಆಂಟಿಎಕ್ಸ್ ಎಂಬದಿದೆ. 2025ರ ಆಗಸ್ಟಿನಲ್ಲಿ ಬಂದ ಡೆಬಿಯನ್ 13 ಅಂಥ 32 ಬಿಟ್ ಯಂತ್ರಗಳ ಮೇಲೆ ಹೊಸದಾಗಿ ಕೂಡಿಸಲು ಬರುವದಿಲ್ಲ. ಆಂಟಿಎಕ್ಸಿನ 2023ರ ಆವೃತ್ತಿಯು ಅವುಗಳಿಗೂ ದೊರೆಯುತ್ತದೆ.

ಒಂದು ಮಾತನ್ನು ಮರೆಮಾಚಬಾರದು. ಪರದೆ ಎಷ್ಟೇ ಹಗುರವಾಗಿದ್ದರೂ ಇಂದಿನ ಜಾಲತಾಣಗಳು ಹಗುರವಾಗಿಲ್ಲ. ಬ್ರೌಸರಿನಲ್ಲಿ ನಾಲ್ಕು ಪುಟ ತೆರೆದರೆ 2 ಜಿಬಿಯ ಯಂತ್ರ ಏದುಸಿರು ಬಿಡುತ್ತದೆ. ಆದುದರಿಂದ ಕೈಯಲ್ಲಿ ಸ್ವಲ್ಪ ದುಡ್ಡಿದ್ದರೆ ರ‍್ಯಾಮನ್ನು 4 ಜಿಬಿಗೆ ಏರಿಸಿ, ತಿರುಗುವ ಹಳೆಯ ಹಾರ್ಡ್‌ಡಿಸ್ಕಿನ ಬದಲು ಒಂದು ಸಣ್ಣ ಎಸ್‌ಎಸ್‌ಡಿ ಹಾಕಿಸಿಕೊಳ್ಳಬೇಕು. ಇಡೀ ಯಂತ್ರ ಕೊಳ್ಳುವ ಖರ್ಚಿನ ಒಂದು ಸಣ್ಣ ಪಾಲಿನಲ್ಲಿ ಇದಾಗುತ್ತದೆ. ಯಂತ್ರದ ನಡಿಗೆಯೇ ಬದಲಾಗುತ್ತದೆ.

ಅಡ್ಡ ನಿಂತಿರುವದು ಸಂಪರ್ಕ

ಇಷ್ಟು ಕೇಳಿದ ಜೋಯಿಡಾದ ವಾಚಕರು, “ಇದೆಲ್ಲ ಸರಿ, ಇಳಿಸಿಕೊಳ್ಳುವದು ಹೇಗೆ?” ಎಂದು ಕೇಳುವರು. ಪ್ರಶ್ನೆ ನ್ಯಾಯವಾದದ್ದು. ಡೆಬಿಯನ್ನಿನ ಮೊದಲ ಡಿವಿಡಿ ಸುಮಾರು 4 ಜಿಬಿ ಇದೆ. ಸೆಕೆಂಡಿಗೆ 1 ಮೆಗಾಬಿಟ್ ಬರುವ ಸಂಪರ್ಕದಲ್ಲಿ ಅದು ಇಳಿಯಲು ಸುಮಾರು 9 ತಾಸು ಬೇಕು, ಅದೂ ನಡುವೆ ಒಮ್ಮೆಯೂ ಕಡಿಯದಿದ್ದರೆ. ಕರೆಂಟು ಹೋದರೆ ಟವರೂ ಮಲಗುವ ಹಳ್ಳಿಗಳಲ್ಲಿ, ಮಾತಾಡಲಿಕ್ಕೆಂದು ಫೋನು ಹಿಡಿದು ಗುಡ್ಡ ಹತ್ತುವ ಜನರಿಗೆ, 9 ತಾಸಿನ ಎಡೆಬಿಡದ ಸಂಪರ್ಕವೆಂದರೆ ಕನಸು.

ಇದು ಆ ಜನರ ತಪ್ಪಲ್ಲ. ಕಾಳಿ ನದಿಗೆ ಸೂಪಾ, ಬೊಮ್ಮನಹಳ್ಳಿ, ಕೊಡಸಳ್ಳಿ, ಕದ್ರಾ ಎಂದು ಸಾಲಾಗಿ ಅಣೆಕಟ್ಟು ಕಟ್ಟಿ ರಾಜ್ಯಕ್ಕೆಲ್ಲ ವಿದ್ಯುತ್ತು ಒಯ್ದರು. ಹಳೆಯ ಸೂಪಾ ಊರು ನೀರಿನಲ್ಲಿ ಮುಳುಗಿತು. ಅಲ್ಲಿಯವರು ರಾಮನಗರಕ್ಕೆ ಹೋಗಿ ಬಾಳಬೇಕಾಯಿತು. ಆ ವಿದ್ಯುತ್ತಿನಿಂದ ಎಲ್ಲೆಲ್ಲಿಯೋ ಕಂಪ್ಯೂಟರುಗಳು ನಡೆಯುತ್ತಿರುವಾಗ ಕಾಳಿಯ ದಂಡೆಯ ಮನೆಗೆ ಒಂದು ನೆಟ್ಟಗಿನ ತಂತಿ ಬರಲಿಲ್ಲ. ಅರಣ್ಯದ ಕಾನೂನುಗಳ ಮಾತನ್ನು ಅಧಿಕಾರಿಗಳು ಮುಂದಿಡುತ್ತಾರೆ. ಅರಣ್ಯ ಉಳಿಯಬೇಕೆಂಬದರಲ್ಲಿ ನಮಗೆ ಸಂಶಯವಿಲ್ಲ. ಆದರೆ ಅಣೆಕಟ್ಟಿಗೆ ದಾರಿ ಬಿಟ್ಟ ಅರಣ್ಯವು ಒಂದು ತಂತಿಗೆ ದಾರಿ ಬಿಡಲಾರದೇ? ಸಂಪರ್ಕವಿಲ್ಲದ 24,680 ಹಳ್ಳಿಗಳಿಗೆ 4ಜಿ ಕೊಡಲು 26,316 ಕೋಟಿ ರೂಪಾಯಿಗಳ ಯೋಜನೆಯನ್ನು ಕೇಂದ್ರ ಸಚಿವ ಸಂಪುಟವು 2022ರ ಜುಲೈಯಲ್ಲಿ ಒಪ್ಪಿತು. ಟವರು ಬರಲಿ, ಅದಕ್ಕಾಗಿ ಒತ್ತಾಯ ನಡೆಯಲಿ. ಅದು ಬರುವ ವರೆಗೆ ಕೈಕಟ್ಟಿ ಕೂಡ್ರುವ ಕಾರಣವಿಲ್ಲ.

ಒಮ್ಮೆ ಇಳಿಸಿ ಹತ್ತು ಕಡೆ ಹಂಚುವದು

ಕಂಪನಿಯ ತಂತ್ರಾಂಶಕ್ಕೂ ಇದಕ್ಕೂ ಇರುವ ಮುಖ್ಯ ಭೇದ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಲಿನಕ್ಸಿನ ಒಂದು ಪ್ರತಿಯನ್ನು ನೂರು ಜನರಿಗೆ ಹಂಚುವದು ಅಪರಾಧವಲ್ಲ, ಅದಕ್ಕೆ ಪರವಾನಿಗೆಯೇ ಒಪ್ಪಿಗೆ ಕೊಟ್ಟಿದೆ. ಆದ್ದರಿಂದ ಪ್ರತಿಯೊಬ್ಬನೂ 9 ತಾಸು ಕಾಯಬೇಕಾಗಿಲ್ಲ. ದಾಂಡೇಲಿಯಲ್ಲಿಯೋ ಹಳಿಯಾಳದಲ್ಲಿಯೋ ಒಳ್ಳೆಯ ಸಂಪರ್ಕವಿರುವ ಒಬ್ಬರು ಒಮ್ಮೆ ಇಳಿಸಿ, ಪೆನ್‌ಡ್ರೈವಿನಲ್ಲಿ ಹಾಕಿ ಬಸ್ಸಿನಲ್ಲಿ ಕಳಿಸಿದರೆ ಸಾಕು. ಲೆಕ್ಕ ಹಾಕಿ ನೋಡಿರಿ. 16 ಜಿಬಿಯ ತುಂಬಿದ ಪೆನ್‌ಡ್ರೈವು ದಾಂಡೇಲಿಯಿಂದ ಜೋಯಿಡಾಕ್ಕೆ ಬಸ್ಸಿನಲ್ಲಿ ಎರಡು ತಾಸಿನೊಳಗೆ ಮುಟ್ಟುತ್ತದೆ. ಅಷ್ಟನ್ನೇ 1 ಮೆಗಾಬಿಟ್ಟಿನ ಸಂಪರ್ಕದಲ್ಲಿ ತರಿಸಿಕೊಳ್ಳಲು 35 ತಾಸು ಬೇಕು. ನಮ್ಮ ಕೆಂಪು ಬಸ್ಸು ಟವರಿಗಿಂತ ವೇಗದ್ದೆಂದು ಹೇಳಿದರೆ ತಮಾಷೆಯಾಗಲಾರದು.

ಇಳಿಸುವಾಗ ನೆನಪಿಡಬೇಕಾದವು ಕೆಲವಿವೆ. ನೆಟ್‌ಇನ್‌ಸ್ಟ್ ಎಂಬ ಸಣ್ಣ ಪ್ರತಿಯು 1 ಜಿಬಿಗಿಂತ ಕಡಿಮೆ ಇರುತ್ತದೆಂದು ನೋಡಿ ಮೋಸಹೋಗಬಾರದು. ಉಳಿದುದನ್ನೆಲ್ಲ ಅದು ಕೂಡಿಸುವ ಸಮಯದಲ್ಲಿ ಜಾಲದಿಂದಲೇ ಎಳೆಯುತ್ತದೆ. ಸಂಪರ್ಕ ನಿಧಾನವಿರುವಲ್ಲಿ ಪೂರ್ತಿ ಡಿವಿಡಿಯ ಪ್ರತಿಯೇ ಲೇಸು, ಅದನ್ನು ಸಂಪರ್ಕವಿಲ್ಲದೆಯೂ ಕೂಡಿಸಬಹುದು. ಟೊರೆಂಟ್ ಮೂಲಕ ಇಳಿಸಿದರೆ ನಡುವೆ ಕಡಿದರೂ ಬಂದಷ್ಟು ಉಳಿಯುತ್ತದೆ, ಮರುದಿನ ಅಲ್ಲಿಂದಲೇ ಮುಂದುವರಿಯುತ್ತದೆ. ಇಳಿದ ಮೇಲೆ, ಪ್ರತಿಯ ಜೊತೆಗೆ ಕೊಟ್ಟಿರುವ ಎಸ್‌ಎಚ್‌ಎ 256 ಎಂಬ ತಾಳೆ ಸಂಖ್ಯೆಯನ್ನು ತಪ್ಪದೆ ಹೋಲಿಸಬೇಕು. ಒಂದು ಅಕ್ಷರ ಹೆಚ್ಚುಕಡಿಮೆಯಾದರೂ ಪ್ರತಿ ಕೆಟ್ಟಿದೆ, ಅಥವಾ ಯಾರೋ ಕೈಯಾಡಿಸಿದ್ದಾರೆ ಎಂದರ್ಥ.

ಕೂಡಿಸಿದರೆ ಕೆಲಸ ಮುಗಿಯಲಿಲ್ಲ. ತಂತ್ರಾಂಶಕ್ಕೆ ಕಾಲಕಾಲಕ್ಕೆ ದುರಸ್ತಿ ಬೇಕು. ಅಪ್‌ಡೇಟ್ ಮಾಡದ ಲಿನಕ್ಸೂ ಕಾವಲಿಲ್ಲದ ಮನೆಯೇ. ಇದಕ್ಕೂ ದಾರಿಯಿದೆ. ಭಾರತದವರೇ ಆದ ಡೆಬಿಯನ್ ಕಾರ್ಯಕರ್ತ ರಿತೇಶ್ ರಾಜ್ ಸರಾಫ್ ಅವರು ಬರೆದ ಏಪ್ಟ್-ಆಫ್‌ಲೈನ್ ಎಂಬ ಉಪಕರಣವು ನಮ್ಮಂಥ ಊರುಗಳಿಗೆ ಹೇಳಿ ಮಾಡಿಸಿದಂತಿದೆ. ಸಂಪರ್ಕವಿಲ್ಲದ ಯಂತ್ರವು ತನಗೆ ಏನೇನು ಬೇಕೆಂಬ ಚೀಟಿಯನ್ನು ಪೆನ್‌ಡ್ರೈವಿನಲ್ಲಿ ಬರೆದುಕೊಡುತ್ತದೆ. ಸಂತೆಯ ದಿನ ಪೇಟೆಗೆ ಹೋದವರು ಆ ಚೀಟಿಯನ್ನು ಸಂಪರ್ಕವಿರುವ ಯಂತ್ರಕ್ಕೆ ತೋರಿಸಿದರೆ ಅದು ಬೇಕಾದಷ್ಟನ್ನೇ ಇಳಿಸಿ ಗಂಟು ಕಟ್ಟಿಕೊಡುತ್ತದೆ. ಪೇಟೆಯ ಆ ಯಂತ್ರದಲ್ಲಿ ವಿಂಡೋಸ್ ಇದ್ದರೂ ನಡೆಯುತ್ತದೆ. ಗಂಟನ್ನು ಮನೆಗೆ ತಂದು ಬಿಚ್ಚಿದರೆ ಅಪ್‌ಡೇಟ್ ಆಯಿತು. ನಡುವೆ ಯಾರಾದರೂ ಕಲಬೆರಕೆ ಮಾಡಿಯಾರೆಂಬ ಭಯವೂ ಬೇಡ. ಡೆಬಿಯನ್ನಿನ ಪಟ್ಟಿಗೆ ಗೂಢಲಿಪಿಯ ಸಹಿ ಇರುತ್ತದೆ. ಅದಕ್ಕೆ ತಾಳೆಯಾಗದ ಮಾಲನ್ನು ಯಂತ್ರವು ತಡೆಯುತ್ತದೆ.

ಒಂದೇ ಜಾಗದಲ್ಲಿ ಹತ್ತು ಯಂತ್ರಗಳಿದ್ದರೆ ಇನ್ನೊಂದು ಉಪಾಯವಿದೆ. ಏಪ್ಟ್-ಕ್ಯಾಶರ್-ಎನ್‌ಜಿ ಎಂಬದನ್ನು ಒಂದು ಯಂತ್ರದಲ್ಲಿ ಹಾಕಿದರೆ ಅದು ಉಗ್ರಾಣದಂತೆ ಕೆಲಸ ಮಾಡುತ್ತದೆ. ಒಂದು ಯಂತ್ರಕ್ಕೆ ತಿಂಗಳಿಗೆ 300 ಎಂಬಿ ಬೇಕೆಂದು ಹಿಡಿದರೆ ಹತ್ತಕ್ಕೆ 3 ಜಿಬಿ ಆಗುತ್ತದೆ. ಉಗ್ರಾಣವಿದ್ದರೆ ಒಂದೇ ಬಗೆಯ ಹತ್ತು ಯಂತ್ರಗಳಿಗೆ ಹೊರಗಿನಿಂದ ತರುವದು ಹೆಚ್ಚುಕಡಿಮೆ ಆ 300 ಎಂಬಿ ಮಾತ್ರ. ಇದರ ಜೊತೆಗೆ, ನಿಧಾನ ಸಂಪರ್ಕದವರು ಸ್ಥಿರ ಆವೃತ್ತಿಯನ್ನೇ ಇಟ್ಟುಕೊಳ್ಳಬೇಕು. ಅದರಲ್ಲಿ ಹೊಸ ಹೊಸ ಅಲಂಕಾರ ಬರುವದಿಲ್ಲ, ದೋಷಗಳ ದುರಸ್ತಿ ಮಾತ್ರ ಬರುತ್ತದೆ. ಸ್ನ್ಯಾಪ್, ಫ್ಲ್ಯಾಟ್‌ಪ್ಯಾಕ್ ಎಂಬ ಭಾರವಾದ ಕಟ್ಟುಗಳಿಂದ ದೂರವಿರುವದು ಕ್ಷೇಮ.

ಎಚ್ಚರಿಕೆಯ ಮಾತು

ವ್ಯಾಪಾರಿಯ ಮುಂದೆ ಅರ್ಧ ಸತ್ಯ ಹೇಳಿ ಅವನ ಅಂಗಡಿಯ ಕೆಲಸ ಕೆಡಿಸುವದು ನಮಗೆ ಬೇಡ. ಟ್ಯಾಲಿಯಲ್ಲಿ ಲೆಕ್ಕ ಇಡುವವರು ತಿಳಿಯಬೇಕಾದದ್ದೇನೆಂದರೆ, ಅದು ವಿಂಡೋಸಿಗಾಗಿ ಮಾಡಿದ್ದು. ಜಿಎಸ್‌ಟಿಯ ಜಾಲತಾಣವೂ ಇ-ವೇ ಬಿಲ್ಲೂ ಬ್ರೌಸರಿನಲ್ಲಿ ನಡೆಯುವವಾದ್ದರಿಂದ ಲಿನಕ್ಸಿನಲ್ಲಿ ತೊಡಕಿಲ್ಲ. ಆದರೆ ಜಿಎಸ್‌ಟಿಯ ಆಫ್‌ಲೈನ್ ಉಪಕರಣವನ್ನು ವಿಂಡೋಸಿಗೆಂದೇ ಬರೆದಿದ್ದಾರೆ. ಹೆಬ್ಬೆಟ್ಟಿನ ಗುರುತು ಹಿಡಿಯುವ ಯಂತ್ರಗಳು, ಕೆಲವು ಹಳೆಯ ಪ್ರಿಂಟರುಗಳು ಲಿನಕ್ಸಿಗೆ ಒಗ್ಗದೆ ಹೋಗಬಹುದು. ನುಡಿ, ಬರಹಗಳ ಹಳೆಯ ಅಕ್ಷರದಲ್ಲಿ ಟೈಪು ಮಾಡಿಟ್ಟ ಕನ್ನಡ ಕಾಗದಪತ್ರಗಳನ್ನು ಯುನಿಕೋಡಿಗೆ ಬದಲಿಸಿಕೊಳ್ಳಬೇಕಾಗುತ್ತದೆ.

ಹಾಗಾದರೆ ಮಾಡಬೇಕಾದದ್ದು ಇಷ್ಟು. ಮೊದಲು ಇರುವ ಕಾಗದಪತ್ರಗಳನ್ನೆಲ್ಲ ಬೇರೊಂದು ಡಿಸ್ಕಿಗೆ ನಕಲು ಮಾಡಿ ಎತ್ತಿಡಬೇಕು. ಬಳಿಕ ಮಿಂಟಿನ ಪ್ರತಿಯನ್ನೋ ಡೆಬಿಯನ್ನಿನ ಲೈವ್ ಪ್ರತಿಯನ್ನೋ ಪೆನ್‌ಡ್ರೈವಿಗೆ ಹಾಕಿ ಅದರಿಂದಲೇ ಯಂತ್ರವನ್ನು ಚಾಲೂ ಮಾಡಿ ನೋಡಬೇಕು. ಇದರಿಂದ ಒಳಗಿನ ಡಿಸ್ಕಿಗೆ ಏನೂ ಆಗುವದಿಲ್ಲ. ವೈಫೈ ಹಿಡಿಯುತ್ತದೆಯೆ, ಪ್ರಿಂಟರು ಮುದ್ರಿಸುತ್ತದೆಯೆ, ಜಿಎಸ್‌ಟಿಯ ಪುಟ ತೆರೆಯುತ್ತದೆಯೆ ಎಂದು ಪರೀಕ್ಷಿಸಿ, ಎಲ್ಲ ಸರಿಯಿದ್ದರೆ ಮಾತ್ರ ಒಳಗೆ ಕೂಡಿಸಬೇಕು. ಟ್ಯಾಲಿ ಬೇಕೇಬೇಕೆಂಬವರು ಆ ಒಂದು ಯಂತ್ರವನ್ನು ರಕ್ಷಣೆಯಿರುವ ವಿಂಡೋಸಿನಲ್ಲಿಯೇ ಇಟ್ಟುಕೊಂಡು ಉಳಿದುವನ್ನು ಬದಲಿಸಲಿ. ಪತ್ರ ಬರೆಯಲು, ಪಟ್ಟಿ ಮಾಡಲು ಲಿಬ್ರೆಆಫೀಸ್ ಸಾಕು, ದುಡ್ಡು ಕೊಡಬೇಕಾಗಿಲ್ಲ.

ನಮ್ಮ ಭಾಷೆಗೂ ಇಲ್ಲಿ ಸ್ಥಾನವಿದೆ. ಡೆಬಿಯನ್ ಕೂಡಿಸುವಾಗ ಮೊದಲಿಗೆ ಬರುವ ಭಾಷೆಗಳ ಪಟ್ಟಿಯಲ್ಲಿ ಕನ್ನಡವನ್ನು ಆರಿಸಬಹುದು. ಕನ್ನಡವಷ್ಟೇ ಅಲ್ಲ, ಮುಂಡಗೋಡದಲ್ಲಿ 1966ರಲ್ಲಿ ನೆಲೆಯೂರಿದ ಟಿಬೆಟಿಯನ್ನರ ಲಿಪಿಯೂ ಅದೇ ಯಂತ್ರದಲ್ಲಿ ಮೂಡುತ್ತದೆ. ಕಡಿಮೆ ಗಿರಾಕಿಗಳಿರುವ ಭಾಷೆಯನ್ನು ಲಾಭವಿಲ್ಲವೆಂದು ಕೈಬಿಡುವ ಪದ್ಧತಿ ಇಲ್ಲಿಲ್ಲ. ಆ ಭಾಷೆಯವರೇ ಕುಳಿತು ಕೆಲಸ ಮಾಡಿದರೆ ಅದು ಸೇರುತ್ತದೆ.

ಯಾರು ಮಾಡಬೇಕು?

ಒಬ್ಬೊಬ್ಬನೇ ಹೊರಟರೆ ಈ ಕೆಲಸ ಕಠಿಣವೆನಿಸುತ್ತದೆ. ಕೂಡಿ ಮಾಡಿದರೆ ಒಂದು ರವಿವಾರದ ಕೆಲಸ. ಕೇರಳದಲ್ಲಿ 2001ರಲ್ಲಿ ಆರಂಭವಾದ ಐಟಿ ಅಟ್ ಸ್ಕೂಲ್ ಯೋಜನೆಯು ಮುಂದೆ ಸರಕಾರಿ ಶಾಲೆಗಳನ್ನೆಲ್ಲ ಮುಕ್ತ ತಂತ್ರಾಂಶಕ್ಕೆ ತಂದಿತು. ಲಕ್ಷಗಟ್ಟಲೆ ಮಕ್ಕಳು ಅದರಲ್ಲಿಯೇ ಕಲಿತರು. ನಮ್ಮ ಬೆಂಗಳೂರಿನಲ್ಲಿಯೂ ಮುಕ್ತ ತಂತ್ರಾಂಶದ ಕಾರ್ಯಕರ್ತರು ಒಂದು ಕೊಳೆಗೇರಿಯಲ್ಲಿ ಅಂಬೇಡ್ಕರ್ ಹೆಸರಿನ ಕಂಪ್ಯೂಟರ್ ಕೇಂದ್ರವನ್ನು ನಡೆಯಿಸಿ, ಕೂಲಿಕಾರರ ಮಕ್ಕಳಿಗೆ ಲಿನಕ್ಸಿನಲ್ಲಿ ಬರೆಯಲೂ ಚಿತ್ರ ಬಿಡಿಸಲೂ ಕಲಿಸಿದರು. ಕೊಳೆಗೇರಿಯ ಮಕ್ಕಳಿಗೆ ಬಂದದ್ದು ನಮ್ಮ ಮಕ್ಕಳಿಗೆ ಬಾರದೇ?

ನಮ್ಮ ಸೂಚನೆ ಸರಳವಾದದ್ದು. ನಾಲ್ಕೂ ತಾಲೂಕುಗಳಲ್ಲಿ ಒಂದೊಂದು ಜಾಗ ಗೊತ್ತಾಗಲಿ. ದಾಂಡೇಲಿಯಲ್ಲಿ ಕಾಮಗಾರ ಸಂಘದ ಕಚೇರಿಯಾಗಬಹುದು, ಹಳಿಯಾಳದಲ್ಲಿ ವರ್ತಕರ ಸಂಘವಾಗಬಹುದು, ಜೋಯಿಡಾ ಮತ್ತು ಮುಂಡಗೋಡಗಳಲ್ಲಿ ಗ್ರಾಮ ಪಂಚಾಯತಿಯ ಅರಿವು ಕೇಂದ್ರವಾಗಬಹುದು. ಅಲ್ಲಿ ಒಂದು ಹಾರ್ಡ್‌ಡಿಸ್ಕಿನಲ್ಲಿ ಡೆಬಿಯನ್, ಮಿಂಟ್, ಆಂಟಿಎಕ್ಸ್ ಪ್ರತಿಗಳನ್ನೂ ತಿಂಗಳಿಗೊಮ್ಮೆ ಹೊಸ ಅಪ್‌ಡೇಟುಗಳನ್ನೂ ಇಡಬೇಕು. ಪೆನ್‌ಡ್ರೈವು ತಂದವರಿಗೆ ಪುಕ್ಕಟೆಯಾಗಿ ತುಂಬಿಕೊಡಬೇಕು. ಹಳಿಯಾಳದಲ್ಲಿ ಇಂಜಿನಿಯರಿಂಗ್ ಕಾಲೇಜಿದೆ. ಅಲ್ಲಿಯ ವಿದ್ಯಾರ್ಥಿಗಳು ತಿಂಗಳಿಗೊಂದು ರವಿವಾರ ಬಂದು ಕುಳಿತರೆ, ಅವರಿಗೂ ಪುಸ್ತಕದಲ್ಲಿ ಸಿಗದ ವಿದ್ಯೆ ಬಂದೀತು. ಊರಿನ ದುರಸ್ತಿ ಅಂಗಡಿಯವರು ಇದರಿಂದ ತಮ್ಮ ಹೊಟ್ಟೆಗೆ ಏಟು ಬಿತ್ತೆಂದು ತಿಳಿಯಬೇಕಾಗಿಲ್ಲ. ರ‍್ಯಾಮ್ ಹಾಕುವ, ಡಿಸ್ಕು ಬದಲಿಸುವ ಕೆಲಸ ಅವರಿಗೇ ಬರುತ್ತದೆ. ಗುಜರಿಗೆ ಹೋದ ಯಂತ್ರದಿಂದ ಅವರಿಗೆ ಸಿಗುವದು ಏನೂ ಇಲ್ಲ.

ಸರಕಾರದ ಹೊಣೆ

ಜನರು ತಮ್ಮ ಪಾಲಿನದನ್ನು ಮಾಡಿದ ಮಾತ್ರಕ್ಕೆ ಸರಕಾರದ ಹೊಣೆ ಇಳಿಯುವದಿಲ್ಲ. 2025ರ ನವೆಂಬರಿನಲ್ಲಿ ಬೆಂಗಳೂರಿನ ತಂತ್ರಜ್ಞಾನ ಸಮ್ಮೇಳನದಲ್ಲಿ ರಾಜ್ಯ ಸರಕಾರವು ಕಿಯೋ ಎಂಬ ಅಗ್ಗದ ಕಂಪ್ಯೂಟರನ್ನು ಜನರ ಮುಂದಿಟ್ಟಿತು. ಅದು ಲಿನಕ್ಸಿನ ಮೇಲೆ ನಡೆಯುತ್ತದೆಂಬದು ಸಂತೋಷದ ಸಂಗತಿ. ಲಿನಕ್ಸ್ ಜನಕ್ಕೆ ಆಗದೆಂಬ ವಾದವನ್ನು ಇನ್ನು ಯಾವ ಅಧಿಕಾರಿಯೂ ಆಡುವಂತಿಲ್ಲ. ಆದರೆ ಹೊಸದನ್ನು ಕೊಡುವ ಕೈ ಇದ್ದುದನ್ನು ಉಳಿಸುವ ಕಡೆಗೂ ಚಾಚಬೇಕು.

ಆದುದರಿಂದ ಮೂರು ಮಾತುಗಳನ್ನು ಕೇಳುತ್ತೇವೆ. ಸರಕಾರಿ ಕಚೇರಿಗಳಲ್ಲಿ ವಿಂಡೋಸ್ 10 ಮುಗಿಯಿತೆಂದು ಹೊರಗೆ ಹಾಕುವ ಕಂಪ್ಯೂಟರುಗಳನ್ನು ಕಿಲೋದ ಲೆಕ್ಕದಲ್ಲಿ ಮಾರದೆ, ಒಳಗಿನ ದಾಖಲೆಗಳನ್ನು ಅಳಿಸಿ, ಲಿನಕ್ಸ್ ಹಾಕಿ ಶಾಲೆಗಳಿಗೂ ಅರಿವು ಕೇಂದ್ರಗಳಿಗೂ ಕೊಡಬೇಕು. ಸರಕಾರವು ಜನರ ಮೇಲೆ ಕಡ್ಡಾಯ ಮಾಡುವ ಯಾವ ಅರ್ಜಿಯೂ ಯಾವ ಉಪಕರಣವೂ ಒಂದೇ ಕಂಪನಿಯ ತಂತ್ರಾಂಶವನ್ನು ಬೇಡುವಂತಿರಬಾರದು. ತೆರಿಗೆ ಕೊಡಲೆಂದು ಬರುವವನು ಮೊದಲು ಅಮೇರಿಕೆಯ ಕಂಪನಿಗೆ ಕಪ್ಪ ಕೊಟ್ಟು ಬರಬೇಕೆಂಬದು ಯಾವ ನ್ಯಾಯ? ಮೂರನೆಯದಾಗಿ, ಪಂಚಾಯತಿಗಳಿಗೆ ಎಳೆದ ಭಾರತ್‌ನೆಟ್ ತಂತಿಯು ಕಾಗದದ ಮೇಲೆ ಮಾತ್ರ ಜೀವಂತವಾಗಿರದೆ ಅರಿವು ಕೇಂದ್ರದ ಮೇಜಿನ ಮೇಲೂ ಜೀವಂತವಾಗಿರಬೇಕು. ಹಳ್ಳಿಯ ಮನೆಮನೆಗೆ ವೇಗದ ಸಂಪರ್ಕ ನಾಳೆ ಬರಲಿ; ಪಂಚಾಯತಿಗೊಂದು ಇಂದೇ ಬೇಕು.

ಬೆಲೆ ಕೊಟ್ಟು ಕೊಂಡ ಯಂತ್ರ ಎಂದು ನಿಲ್ಲಬೇಕೆಂಬದನ್ನು ಮಾರಿದವನು ಗೊತ್ತುಮಾಡುತ್ತಾನೆಂದರೆ, ಅದನ್ನು ನಾವು ಕೊಂಡೆವೋ ಬಾಡಿಗೆಗೆ ತಂದೆವೋ ಎಂದು ಕೇಳಬೇಕಾಗುತ್ತದೆ. ದುಡಿದ ದುಡ್ಡಿನ ವಸ್ತು ದುಡಿದವನ ಮಾತು ಕೇಳಬೇಕು. ಮನೆಯ ಮೂಲೆಯಲ್ಲಿ ಧೂಳು ಹಿಡಿದ ಕಂಪ್ಯೂಟರಿದ್ದರೆ ಗುಜರಿಯವನನ್ನು ಕರೆಯುವ ಮೊದಲು ಸಂಘದ ಕಚೇರಿಗೆ ಹೊತ್ತು ತನ್ನಿರಿ. ಒಂದು ಪೆನ್‌ಡ್ರೈವೂ ಅರ್ಧ ದಿನದ ಬಿಡುವೂ ಇದ್ದರೆ ಸಾಕು. ಮೊದಲ ಹತ್ತು ಯಂತ್ರಗಳು ಎದ್ದು ನಿಂತರೆ ಹನ್ನೊಂದನೆಯದಕ್ಕೆ ಯಾರೂ ಹೇಳಬೇಕಾಗುವದಿಲ್ಲ.